ಸಿಹಿ ನೀರಿನ ಬೋರ್: ಒಂದು ಸಂಶೋಧನೆ ಊರಿಗೆ ಮುಟ್ಟಿದ ಪ್ರಕರಣ

ದಾವಣಗೆರೆ ಬಿಟ್ಟು ಜಗಳೂರು ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ನೆಲ ಬೇರೆಯಾಗುತ್ತದೆ. ಭದ್ರಾ ನಾಲೆ ಮುಟ್ಟಿದ ಕಡೆ ಭತ್ತ, ಅಡಿಕೆ. ಮುಟ್ಟದ ಕಡೆ ಮೆಕ್ಕೆಜೋಳ, ಶೇಂಗಾ, ಆಮೇಲೆ ಬರೀ ಬೋರ್. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೇಸಾಯಕ್ಕೂ ಬೋರ್, ಬಾಯಿಗೂ ಬೋರ್. ಈ ಪ್ರಕರಣ ನಡೆದದ್ದು ಆ ಒಣ ಭಾಗದ ಒಂದು ಊರಿನಲ್ಲಿ. ಯಾವ ಊರು, ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎನ್ನುವುದೇ ಈ ಕಥೆಯ ಅರ್ಧ ಭಾಗ.

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ವಿಜ್ಞಾನಿಗಳ ಕೆಲಸವನ್ನು ಜನರಿಗೆ ತಿಳಿಸಲು ನೆರವಾಗುವುದು ನನ್ನ ಜವಾಬ್ದಾರಿ. ಅದಕ್ಕೂ ಮುಂಚೆ ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಇದೇ ಕೆಲಸ ಮಾಡುತ್ತಿರುವ ಬೇರೆಯವರಿಗೆ, ತಮ್ಮ ಸಂಶೋಧನೆಯನ್ನು ಹೊರಗೆ ಹೇಳಬೇಕೆಂದಿರುವ ಅಧ್ಯಾಪಕರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವರಿಗೆಲ್ಲ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಹಿನ್ನೆಲೆ

ಪ್ರಕರಣದ ಕೇಂದ್ರದಲ್ಲಿರುವವರು ಒಬ್ಬ ಸಹಾಯಕ ಪ್ರಾಧ್ಯಾಪಕಿ. ಊರಲ್ಲಿ ಎಲ್ಲರೂ ಅವರನ್ನು ಮೇಡಂ ಎಂದೇ ಕರೆದರು. ನಾನೂ ಹಾಗೇ ಕರೆಯುತ್ತೇನೆ. ಅವರ ವಿಷಯ ಅಂತರ್ಜಲದ ರಸಾಯನಶಾಸ್ತ್ರ. ಮೂರು ವರ್ಷ ತಮ್ಮ ಸಂಶೋಧನಾ ವಿದ್ಯಾರ್ಥಿಗಳ ಜೊತೆ ಬೈಕಿನಲ್ಲಿ ಸುತ್ತಿ, ಹಲವು ಊರುಗಳ ಬೋರ್ ನೀರು ತಂದು, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದಿದ್ದರು.

ಫ್ಲೋರೈಡ್ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿ ನೆಲದಡಿ ಇರುವುದು ಜಾಸ್ತಿ ಗ್ರಾನೈಟ್, ನೈಸ್ ಜಾತಿಯ ಬಂಡೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಇಳಿಯುತ್ತದೆ. ಮಳೆ ಕಡಿಮೆ, ಹೊಸ ನೀರು ಇಂಗುವುದು ಕಡಿಮೆ. ಬೋರ್ ಮಾತ್ರ ಆರುನೂರು, ಎಂಟುನೂರು ಅಡಿಗೆ ಹೋಗುತ್ತಲೇ ಇದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಬಿಳಿ, ಆಮೇಲೆ ಕಂದು ಕಲೆ ಬರುತ್ತದೆ. ಇನ್ನೂ ಹೆಚ್ಚು ಪ್ರಮಾಣದಲ್ಲಿ, ಇನ್ನೂ ಹೆಚ್ಚು ಕಾಲ ಕುಡಿದರೆ ಕೀಲು ಬಿಗಿಯುತ್ತದೆ, ಮೂಳೆ ಕೆಡುತ್ತದೆ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ ಇದರ ವರದಿ ಬಂದಿತ್ತು.

ಹೀಗೆ ಕಾಯಿಲೆ ಹಳೆಯದು, ಕಾರಣವೂ ಗೊತ್ತಿರುವುದು. ಮೇಡಂ ಕೆಲಸದಲ್ಲಿ ಹೊಸದೇನಿತ್ತು ಅಂದರೆ, ಒಂದೇ ಊರಿನ ಒಂದೊಂದು ಬೋರ್ ಒಂದೊಂದು ಥರ ಇತ್ತು. ನೂರು ಮಾರು ದೂರದಲ್ಲಿರುವ ಎರಡು ಬೋರ್‌ಗಳಲ್ಲಿ ಒಂದು ಮಿತಿಯ ಒಳಗೆ, ಇನ್ನೊಂದು ಮಿತಿಯ ಆಚೆ. ಊರಿಗೆ ಊರೇ ಕೆಟ್ಟಿದೆ ಎನ್ನುವ ಮಾತು ಸರಿಯಲ್ಲ, ಬೋರ್ ಬೋರ್ ಲೆಕ್ಕ ನೋಡಬೇಕು ಎಂದು ಅವರ ಪ್ರಬಂಧ ಹೇಳಿತ್ತು. ಅದು ಇಂಗ್ಲಿಷಿನ ಒಂದು ಜರ್ನಲ್‌ನಲ್ಲಿ ಪ್ರಕಟವಾಯಿತು. ಮೇಡಂ ಅದನ್ನು ಹಿಡಿದು ನನ್ನ ಕೋಣೆಗೆ ಬಂದರು. “ಯಾರ ನೀರೋ ಅವರಿಗೇ ಇದು ಗೊತ್ತಿಲ್ಲ ಸಾರ್. ಹೇಗೆ ಹೇಳೋದು?” ಎಂದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮಾಡಿದ್ದು ತಪ್ಪು ಕೆಲಸ.

ಮೊದಲ ತಪ್ಪು

ನನಗೆ ಗೊತ್ತಿದ್ದ ದಾರಿ ಒಂದೇ, ಪತ್ರಿಕಾ ಪ್ರಕಟಣೆ. ಒಂದು ಪುಟ ಬರೆದೆ. ಮೇಡಂ ಓದಿ ಎರಡು ಕಡೆ ತಿದ್ದಿದರು. ಉದಾಹರಣೆಗೆ ಇರಲಿ ಎಂದು ಒಂದು ಊರಿನ ಹೆಸರು ಹಾಕಿದ್ದೆ. ಹೆಸರಿಲ್ಲದೆ ಸುದ್ದಿ ಒಣಗಿದಂತೆ ಕಾಣುತ್ತದೆ ಎಂದು ಡೆಸ್ಕಿನ ಅಭ್ಯಾಸ ಹೇಳಿತು. ಕುಲಸಚಿವರ ಕಚೇರಿಗೆ ಬಾಯಿಮಾತಿನಲ್ಲಿ ತಿಳಿಸಿ ಕಳಿಸಿಬಿಟ್ಟೆ.

ಮರುದಿನ ಒಂದು ಪತ್ರಿಕೆಯಲ್ಲಿ ಮೂರು ಕಾಲಂ ಸುದ್ದಿ. ಒಳಗಿನ ಬರಹ ಬಹುತೇಕ ನಾನು ಕೊಟ್ಟದ್ದೇ. ತಲೆಬರಹ ಮಾತ್ರ ಡೆಸ್ಕಿನದು. ಅದರಲ್ಲಿ ಊರಿನ ಹೆಸರಿತ್ತು, ಪಕ್ಕದಲ್ಲೇ “ವಿಷ ನೀರು” ಎನ್ನುವ ಪದವಿತ್ತು. “ಬೋರ್ ಬೋರ್ ಲೆಕ್ಕ ಬೇರೆ” ಎನ್ನುವ ಮೇಡಂ ಮಾತು ಕೊನೆಯ ಪ್ಯಾರಾದಲ್ಲಿತ್ತು. ಜಾಗ ಸಾಲದೆ ಆ ಪ್ಯಾರಾ ಕತ್ತರಿಸಿ ಹೋಗಿತ್ತು. ಅಂದರೆ ಇಡೀ ಸಂಶೋಧನೆಯ ತಿರುಳೇ ಹೋಗಿತ್ತು. ಕತ್ತರಿಸಿದವರ ತಪ್ಪಿಗಿಂತ, ತಿರುಳನ್ನು ಕೊನೆಗೆ ಇಟ್ಟ ನನ್ನ ತಪ್ಪು ದೊಡ್ಡದು. ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತಾರೆ ಎಂದು ಗೊತ್ತಿದ್ದವನು ನಾನು.

ಬೆಳಿಗ್ಗೆ ಎಂಟಕ್ಕೇ ಮೇಡಂ ಫೋನ್ ಬಡಿದುಕೊಳ್ಳಲು ಶುರುವಾಯಿತು. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಸಿಟ್ಟಿನಲ್ಲಿದ್ದರು. “ನಮ್ಮೂರಿನ ಇಬ್ಬರು ಹುಡುಗರಿಗೆ ಹೆಣ್ಣು ನೋಡಿ ಬಂದೀವಿ ಮೇಡಂ. ಇವತ್ತು ಆ ಕಡೆಯವರು ಪೇಪರ್ ನೋಡಿ ಫೋನ್ ಮಾಡ್ಯಾರೆ. ನಿಮ್ಮೂರಿಗೆ ಮಗಳನ್ನ ಕೊಟ್ಟು ಅವಳ ಸೊಂಟ ಬಗ್ಗಿಸಬೇಕಾ ಅಂತಾರೆ. ಇದಕ್ಕೇನ್ ಹೇಳ್ತೀರಿ?”

ಮೇಡಂ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಮಧ್ಯಾಹ್ನ ತಾಲ್ಲೂಕಿನ ಕುಡಿಯುವ ನೀರಿನ ಎಂಜಿನಿಯರ್ ಕಚೇರಿಯಿಂದ ಕರೆ ಬಂತು. ನಮಗೆ ಒಂದು ಮಾತು ತಿಳಿಸದೆ ಪತ್ರಿಕೆಗೆ ಹೇಗೆ ಕೊಟ್ಟಿರಿ ಎಂದು ಕೇಳಿದರು. ಸಂಜೆಯ ಹೊತ್ತಿಗೆ ವಿಶ್ವವಿದ್ಯಾಲಯದಿಂದಲೇ ಮೇಡಂಗೆ ಪತ್ರ ಬಂತು. ಅನುಮತಿ ಇಲ್ಲದೆ ಮಾಧ್ಯಮಕ್ಕೆ ಮಾಹಿತಿ ನೀಡಿದ ಬಗ್ಗೆ ವಿವರಣೆ ಕೊಡಿ ಎಂದಿತ್ತು. ಅವರು ಇನ್ನೂ ಖಾಯಂ ಆಗದ ಅಧ್ಯಾಪಕಿ. ಆ ಪತ್ರ ಅವರಿಗೆ ಎಷ್ಟು ಭಾರವಾಗಿರಬಹುದು ಎಂದು ನನಗೆ ಆಮೇಲೆ ಅರ್ಥವಾಯಿತು.

ಅವತ್ತು ರಾತ್ರಿ ಮೇಡಂ ಒಂದೇ ಸಾಲು ಕಳಿಸಿದರು. “ಇನ್ಮೇಲೆ ನಾನು ಪೇಪರ್ ಬರೆದುಕೊಂಡು ಇರ್ತೀನಿ, ಸಾರ್.”

ಎರಡು ವಾರ

ವಿಜ್ಞಾನಿಗಳಿಗೆ ಮಾತಾಡಲು ಬರುವುದಿಲ್ಲ, ಅದಕ್ಕೇ ಅವರು ಜನರಿಂದ ದೂರ ಎಂದು ಜಾಸ್ತಿ ಜನ ತಿಳಿದಿದ್ದಾರೆ. ನನ್ನ ಅನುಭವ ಹಾಗಿಲ್ಲ. ಅವರಿಗೆ ಮಾತು ಬರುತ್ತದೆ. ಮಾತಾಡಿದ ಮೇಲೆ ಏನಾದರೂ ಆದರೆ ಯಾರೂ ಜೊತೆಗೆ ನಿಲ್ಲುವುದಿಲ್ಲ ಎನ್ನುವ ಭಯ ಅವರನ್ನು ಸುಮ್ಮನಿರಿಸುತ್ತದೆ. ಬಡ್ತಿಗೆ ಲೆಕ್ಕ ಬರುವುದು ಪ್ರಬಂಧ. ಊರಿಗೆ ಹೋಗಿ ಬಂದ ಭಾನುವಾರ ಯಾವ ಲೆಕ್ಕಕ್ಕೂ ಇಲ್ಲ.

ಆದ್ದರಿಂದ ಆ ಎರಡು ವಾರ ನಾನು ಮಾತಿನ ತರಬೇತಿ, ಸ್ಲೈಡು ಎಂದೆಲ್ಲ ಏನೂ ಎತ್ತಲಿಲ್ಲ. ಮೊದಲು ಕುಲಸಚಿವರಿಗೆ ನಾನೇ ಪತ್ರ ಬರೆದೆ. ಪ್ರಕಟಣೆ ಬರೆದದ್ದು ನಾನು, ಊರಿನ ಹೆಸರು ಸೇರಿಸಿದ್ದು ನಾನು, ಲಿಖಿತ ಅನುಮತಿ ಪಡೆಯದೆ ಕಳಿಸಿದ್ದೂ ನಾನು, ಮೇಡಂ ಪಾತ್ರ ಅದರಲ್ಲಿ ಅಂಕಿ ಸರಿಯಿದೆಯೇ ಎಂದು ನೋಡಿಕೊಟ್ಟಿದ್ದಷ್ಟೇ ಎಂದು. ವಿವರಣೆ ಕೇಳಿದ ಕಡತ ಅಲ್ಲಿಗೆ ಮುಗಿಯಿತು. ಇದು ದೊಡ್ಡತನದ ಮಾತಲ್ಲ, ಸತ್ಯ ಇದ್ದದ್ದೇ ಹಾಗೆ. ಆದರೆ ಈ ಒಂದು ಪತ್ರ ಇಲ್ಲದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ ಎಂದು ಮೇಡಂ ಈಗಲೂ ಹೇಳುತ್ತಾರೆ.

ಎರಡನೆಯದಾಗಿ ಒಂದು ಸಣ್ಣ ಕೆಲಸ ಕೇಳಿದೆ. ನಿಮ್ಮ ಪ್ರಬಂಧವನ್ನು ನಿಮ್ಮ ತಾಯಿಗೆ ಫೋನಿನಲ್ಲಿ ಹೇಳಿ, ಅವರು ಏನು ಕೇಳುತ್ತಾರೆ ಬರೆದುಕೊಳ್ಳಿ ಎಂದೆ. ಅವರ ತಾಯಿ ಇದೇ ಸೀಮೆಯ ಹಳ್ಳಿಯವರು. ಅರ್ಧ ಗಂಟೆ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ. “ಹಂಗಾದ್ರೆ ಯಾವ ನೀರು ಕುಡೀಬೇಕವ್ವಾ?”

ಪ್ರಬಂಧದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇರಬೇಕಾಗಿಯೂ ಇಲ್ಲ, ಪ್ರಬಂಧದ ಕೆಲಸ ಬೇರೆ. ಆದರೆ ಊರಿನ ಮುಂದೆ ನಿಂತಾಗ ಎಲ್ಲರೂ ಕೇಳುವ ಪ್ರಶ್ನೆ ಅದೊಂದೇ. ಉತ್ತರವಿಲ್ಲದೆ ಹೋದರೆ ಅವರ ಕೈಗೆ ಬರೀ ಭಯ ಕೊಟ್ಟು ಬಂದಂತೆ.

ಹಾಗಾಗಿ ಮೊದಲು ಉತ್ತರಕ್ಕೆ ಬೇಕಾದ್ದನ್ನು ಹುಡುಕಿದೆವು. ಆ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. ಜನ ಅದನ್ನು ಫಿಲ್ಟರ್ ಎನ್ನುತ್ತಾರೆ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆರ್‌ಒ ಪೊರೆ ಚೆನ್ನಾಗಿದ್ದರೆ ಫ್ಲೋರೈಡ್ ಬಹುಪಾಲು ನಿಲ್ಲುತ್ತದೆ. ಆ ನೀರು ತಂದು ಅಳೆದೆವು, ಸರಿಯಾಗಿತ್ತು. ನೀರಿನ ವಿಭಾಗದ ಎಂಜಿನಿಯರ್ ಹತ್ತಿರ ಇಬ್ಬರೂ ಹೋದೆವು. ಬೈಸಿಕೊಂಡೆವು. ಆಮೇಲೆ ಅವರೇ ಚಹಾ ತರಿಸಿ, ಆ ಊರಿನ ಎಲ್ಲಾ ಬೋರ್‌ಗಳ ಪಟ್ಟಿ ಕೊಟ್ಟರು.

ಶಾಲೆಯ ಜಗುಲಿ

ಊರಿಗೆ ಹೋದದ್ದು ಒಂದು ಸಂಜೆ. ಪಂಚಾಯಿತಿ ಕಟ್ಟಡ ಬೇಡ, ಶಾಲೆಯ ಜಗುಲಿ ಸಾಕು ಎಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಪಂಚಾಯಿತಿಯಲ್ಲಿ ಕೂತರೆ ಹೆಂಗಸರು ಹಿಂದೆ ನಿಲ್ಲುತ್ತಾರೆ, ಮಾತಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನೀರು ತರುವವರು, ಅಡುಗೆ ಮಾಡುವವರು ಅವರೇ ಅಲ್ವಾ.

ಸ್ಲೈಡು ಒಯ್ಯಲಿಲ್ಲ. ಮೊದಲು ಕ್ಷಮೆ ಕೇಳಿದೆವು. ನಿಮ್ಮ ನೀರಿನ ವಿಷಯ ನಿಮಗೆ ಹೇಳದೆ ಊರಿಗೆಲ್ಲ ಹೇಳಿದ್ದು ತಪ್ಪಾಯಿತು ಎಂದೆ. ಮೇಡಂ ಎದ್ದು ನಿಂತು ಕೈ ಮುಗಿದರು. ಅವರು ಮುಗಿಯಬೇಕಾಗಿರಲಿಲ್ಲ. ಒಬ್ಬ ಯಜಮಾನರು, “ಈ ಕಡೆ ವಿಜ್ಞಾನದವರು ಅಂದ್ರೆ ನಮಗೆ ಗೊತ್ತಿರೋದು ಕಾವಲಿನ ಸುತ್ತ ಕಟ್ಟಿದ ಕಾಂಪೌಂಡು. ಕೈ ಮುಗಿಯೋರು ಇವತ್ತೇ ಬಂದಿದ್ದು” ಎಂದರು. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಸಂಶೋಧನಾ ಸಂಸ್ಥೆಗಳಿಗೆ ಹೋದದ್ದನ್ನು ಕುರಿ ಮೇಯಿಸುವ ಈ ಜನ ಮರೆತಿಲ್ಲ. ವಿಜ್ಞಾನ ಹೇಳಲು ಹೋಗುವವರು ಈ ನೆನಪನ್ನು ತಿಳಿದುಕೊಂಡೇ ಹೋಗಬೇಕು.

ಆ ಸಂಜೆ ಎರಡು ವಿಷಯ ಕಲಿತೆವು.

ಒಂದು, ಹೋಲಿಕೆ. ಲೀಟರಿಗೆ 1.5 ಮಿಲಿಗ್ರಾಂ ಎಂದರೆ ಯಾರಿಗೆ ಏನು ತಿಳಿಯುತ್ತದೆ? ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. 5,000 ಲೀಟರ್ ಟ್ಯಾಂಕರಿಗೆ ಏಳೂವರೆ ಗ್ರಾಂ, ಅಂದರೆ ಒಂದೂವರೆ ಚಮಚ. ಮೇಡಂ ಹಾಗೇ ಹೇಳಿದರು. ತಕ್ಷಣ ಒಬ್ಬ ಹುಡುಗ, “ಟ್ಯಾಂಕರಿಗೆ ಒಂದೂವರೆ ಚಮಚಕ್ಕೆ ಇಷ್ಟು ಗಲಾಟೆನಾ?” ಎಂದ. ಎಲ್ಲರೂ ನಕ್ಕರು. ಹೋಲಿಕೆ ಲೆಕ್ಕದಲ್ಲಿ ಸರಿಯಿತ್ತು, ಕೆಲಸ ಮಾತ್ರ ಉಲ್ಟಾ ಮಾಡಿತು. ಅಪಾಯವನ್ನು ಚಮಚಕ್ಕೆ ಇಳಿಸಿಬಿಟ್ಟಿತು. ಮೇಡಂ ಅಲ್ಲೇ ದಾರಿ ಬದಲಿಸಿದರು. “ಒಂದು ದಿನ ಕುಡಿದರೆ ಏನೂ ಆಗಲ್ಲ. ಒಂದು ವರ್ಷಕ್ಕೂ ನಿಮಗೆ ಗೊತ್ತಾಗದೇ ಇರಬಹುದು. ಇದು ದಿನಾ ಬಡ್ಡಿ ಬೆಳೆಯೋ ಸಾಲದ ಥರ. ಚಿಕ್ಕ ಮಕ್ಕಳಿಗೆ ಎಂಟು ವರ್ಷದ ಒಳಗೆ ದವಡೆಯಲ್ಲಿ ಹೊಸ ಹಲ್ಲು ಕಟ್ಟುತ್ತಾ ಇರುತ್ತೆ. ಆಗ ಕುಡಿದ ನೀರಿನ ಲೆಕ್ಕ ಹಲ್ಲಿನ ಮೇಲೆ ಉಳಿದುಬಿಡುತ್ತೆ.” ಸಾಲ, ಬಡ್ಡಿ ಎಂದ ಕೂಡಲೇ ಜಗುಲಿ ಗಂಭೀರವಾಯಿತು.

ಇನ್ನೊಂದು, ಫೋಟೋ. ಮಕ್ಕಳ ಹಲ್ಲಿನ ಫೋಟೋ ತೆಗೆದು ದೊಡ್ಡದಾಗಿ ತೋರಿಸೋಣ ಎಂದು ನಮ್ಮ ಜೊತೆ ಬಂದಿದ್ದ ವಿದ್ಯಾರ್ಥಿಯೊಬ್ಬ ಹೇಳಿದ್ದ. ಕಣ್ಣಿಗೆ ಕಂಡರೆ ನಂಬುತ್ತಾರೆ ಎಂದು ನನಗೂ ಅನ್ನಿಸಿತ್ತು. ಮೇಡಂ ಬೇಡವೇ ಬೇಡ ಎಂದರು. ಆ ಕಲೆ ಮತ್ತೆ ಹೋಗುವುದಿಲ್ಲ, ಆ ಮಗು ನಾಳೆ ಅದೇ ಊರಲ್ಲಿ ನಗಬೇಕು ಎಂದರು. ಎರಡನೇ ಸಾಲಿನಲ್ಲಿ ಕೂತ ಒಬ್ಬಳು ಹುಡುಗಿ ಇಡೀ ಹೊತ್ತು ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದಳು. ನಾನು ನೋಡಿರಲಿಲ್ಲ. ಮೇಡಂ ನೋಡಿದ್ದರು.

ಬೇಳೆಯ ಮಾತು

ಈ ಪ್ರಕರಣದ ನಿಜವಾದ ತಿರುವು ಬಂದದ್ದು ಎರಡನೇ ಭೇಟಿಯಲ್ಲಿ.

ಊರಿನವರು ಕುಡಿಯಲು ಫಿಲ್ಟರ್ ನೀರು ತರುತ್ತಿದ್ದರು. ಅಡುಗೆಗೆ ಮಾತ್ರ ಬೋರ್ ನೀರು. ಕುಡಿಯೋದಷ್ಟೇ ತೊಂದರೆ, ಬೇಯಿಸಿದರೆ ಏನಾಗುತ್ತೆ ಎನ್ನುವ ನಂಬಿಕೆ. ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಹೇಗೆ ಹೇಳುವುದು ಎಂದು ಮೇಡಂ ತಡವರಿಸುತ್ತಿದ್ದಾಗ ಒಬ್ಬ ಅಜ್ಜಿ ತಾನೇ ಹೇಳಿಕೊಟ್ಟರು. “ಸಾರು ಜಾಸ್ತಿ ಕುದ್ರೆ ಉಪ್ಪು ಏರ್ತದಲ್ಲ, ಹಂಗೇನವ್ವಾ?” ಹಾಗೇ ಎಂದರು ಮೇಡಂ. ಮುದ್ದೆಗೆ, ಅನ್ನಕ್ಕೆ ಹಾಕಿದ ನೀರು ಪೂರ್ತಿ ಹೊಟ್ಟೆಗೇ ಹೋಗುತ್ತದೆ ಎನ್ನುವುದನ್ನು ಆಮೇಲೆ ಯಾರೂ ವಿವರಿಸಬೇಕಾಗಲಿಲ್ಲ.

ಆಗ ಇನ್ನೊಬ್ಬ ಹೆಂಗಸು, “ಫಿಲ್ಟರ್ ನೀರಲ್ಲಿ ಬೇಳೆ ಬೇಗ ಬೇಯ್ತದೆ. ಬೋರ್ ನೀರಿಗೆ ಗಂಟೆಗಟ್ಟಲೆ ಇಟ್ರೂ ಕಲ್ಲು ಕಲ್ಲು” ಎಂದರು. ಸುತ್ತಲಿನವರೆಲ್ಲ ಹೌದು ಹೌದು ಎಂದರು.

ನನಗೆ ಚಿನ್ನ ಸಿಕ್ಕಂತಾಯಿತು. ಕಣ್ಣಿಗೆ ಕಾಣದ, ನಾಲಿಗೆಗೆ ಸಿಗದ ಫ್ಲೋರೈಡ್ ಬಗ್ಗೆ ಹೇಳುವ ಬದಲು ಬೇಳೆಯ ಮಾತು ಹೇಳಿದರೆ ಸಾಕು! ವಾಪಸ್ ಬರುವ ದಾರಿಯಲ್ಲೇ ಕರಪತ್ರದ ಸಾಲು ಹೊಳೆಯಿತು. “ಬೇಳೆ ಬೇಯುವ ನೀರೇ ಬಾಳಿನ ನೀರು.” ಪ್ರಾಸ ಇತ್ತು, ನೆನಪಿನಲ್ಲಿ ಉಳಿಯುತ್ತಿತ್ತು, ಸಿಲಿಂಡರ್ ಉಳಿತಾಯದ ಆಸೆಯೂ ಇತ್ತು. ಮರುದಿನವೇ ಅಚ್ಚಿಗೆ ಕೊಡಲು ಸಿದ್ಧನಾದೆ.

ಮೇಡಂ ತಡೆದರು. ಬೇಳೆ ಬೇಯದಿರುವುದು ನೀರಿನ ಗಡಸುತನದಿಂದ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಫ್ಲೋರೈಡಿಗೂ ಅದಕ್ಕೂ ಸಂಬಂಧ ಬೇರೆ ಎಂದರು. ಫಿಲ್ಟರ್ ಎರಡನ್ನೂ ತೆಗೆಯುತ್ತದಲ್ಲ, ಜನ ಫಿಲ್ಟರ್ ನೀರು ಬಳಸಿದರೆ ಆಯಿತಲ್ಲ, ಕಾರಣ ಯಾವುದಾದರೇನು ಎಂದು ನಾನು ವಾದಿಸಿದೆ. ನಮ್ಮಿಬ್ಬರಿಗೂ ಅವತ್ತು ಜಗಳವೇ ಆಯಿತು. ಕೊನೆಗೆ ಅವರು ತಮ್ಮ ಕೋಷ್ಟಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

ಊರಾಚೆ ಒಂದು ಬೋರ್ ಇತ್ತು. ಊರಲ್ಲಿ ಅದಕ್ಕೆ ಸಿಹಿ ನೀರಿನ ಬೋರ್ ಎಂದೇ ಹೆಸರು. ನೀರು ಮೆತ್ತಗೆ, ರುಚಿ ಚೆನ್ನ, ಸೋಪು ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಫಿಲ್ಟರ್ ಕೆಟ್ಟಾಗ ಜನ ಕೊಡ ಹಿಡಿದು ಹೋಗುವುದು ಅಲ್ಲಿಗೇ. ಕೋಷ್ಟಕದಲ್ಲಿ ಊರಿನ ಎಲ್ಲ ಬೋರ್‌ಗಳಿಗಿಂತ ಜಾಸ್ತಿ ಫ್ಲೋರೈಡ್ ಇದ್ದದ್ದು ಅದೇ ಬೋರ್‌ನಲ್ಲಿ.

ಇದಕ್ಕೆ ರಸಾಯನಶಾಸ್ತ್ರದಲ್ಲಿ ಸರಳ ಕಾರಣವಿದೆ. ಫ್ಲೋರೈಡ್ ಮತ್ತು ಕ್ಯಾಲ್ಸಿಯಂ ನೀರಿನಲ್ಲಿ ಒಟ್ಟಿಗೆ ಜಾಸ್ತಿ ಇರಲಾರವು. ಸೇರಿ ಫ್ಲೋರೈಟ್ ಆಗಿ ಕೂತುಬಿಡುತ್ತವೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸ್ವಲ್ಪ ಕ್ಷಾರ ಗುಣ ಇರುವ ನೀರಿನಲ್ಲಿ ಆ ತಡೆ ಇಲ್ಲ, ಫ್ಲೋರೈಡ್ ಆರಾಮಾಗಿ ಏರುತ್ತದೆ. ನಾಲಿಗೆಗೆ ಹಿತವಾದ ಮೆತ್ತನೆ ನೀರಿನಲ್ಲೇ ಅದು ಜಾಸ್ತಿ ಇರುವ ಸಾಧ್ಯತೆ ಇರುವುದು ಹೀಗೆ.

ನನ್ನ ಪ್ರಾಸದ ಸಾಲು ಅಚ್ಚಾಗಿದ್ದರೆ, ಬೇಳೆ ಬೇಯುವ ನೀರು ಹುಡುಕಿಕೊಂಡು ಇಡೀ ಊರು ಆ ಬೋರ್‌ಗೆ ಹೋಗುತ್ತಿತ್ತು. ನಾವೇ ಕೈ ಹಿಡಿದು ಕರೆದುಕೊಂಡು ಹೋದಂತಾಗುತ್ತಿತ್ತು.

ಇದನ್ನು ಓದುತ್ತಿರುವ, ನನ್ನಂಥದೇ ಕೆಲಸದಲ್ಲಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು ಎಂದು ಕೇಳಿಕೊಳ್ಳುತ್ತೇನೆ. ಸರಳ ಮಾಡುವುದು ನಮ್ಮ ಕೆಲಸ ಎಂದು ನಾವು ನಂಬಿದ್ದೇವೆ. ವಿಜ್ಞಾನಿ “ಅದು ಅಷ್ಟು ಸರಳ ಇಲ್ಲ” ಎಂದಾಗ ನಮಗೆ ಬೇಸರವಾಗುತ್ತದೆ, ಇವರಿಗೆ ಜನರ ಭಾಷೆ ಗೊತ್ತಿಲ್ಲ ಎನ್ನಿಸುತ್ತದೆ. ಆ ಮಾತಿನ ಹಿಂದೆ ಒಂದು ಸಿಹಿ ನೀರಿನ ಬೋರ್ ಇರಬಹುದು. ಅವತ್ತಿನಿಂದ ನಾನು ವಾದ ಮಾಡುವ ಮೊದಲು, ನಾನು ಬರೆದ ಸಾಲನ್ನು ಜನ ಅಕ್ಷರಶಃ ನಂಬಿ ನಡೆದರೆ ಎಲ್ಲಿಗೆ ಹೋಗುತ್ತಾರೆ ಎಂದು ವಿಜ್ಞಾನಿಯನ್ನೇ ಕೇಳುತ್ತೇನೆ.

ಬೋರ್ಡಿನ ಮೇಲೆ ಏನು ಬರೆಯೋದು

ಸಿಹಿ ನೀರಿನ ಬೋರ್ ವಿಷಯ ಊರಿಗೆ ಹೇಳುವುದು ಸುಲಭವಿರಲಿಲ್ಲ. ಎಲ್ಲರ ಪ್ರೀತಿಯ ನೀರು ಅದು. ಬಾಯಿಮಾತಿಗೆ ಒಪ್ಪುವುದಿಲ್ಲ ಎಂದು ಶಾಲೆಯ ವಿಜ್ಞಾನ ಮೇಷ್ಟ್ರೇ ಹೇಳಿದರು. ಮಕ್ಕಳ ಕೈಯಲ್ಲೇ ಮಾಡಿಸೋಣ ಎಂದು ದಾರಿಯನ್ನೂ ಅವರೇ ತೋರಿಸಿದರು.

ಒಂದು ಶನಿವಾರ ಬೆಳಿಗ್ಗೆ ಮಕ್ಕಳು ತಮ್ಮ ತಮ್ಮ ಬೀದಿಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದರು. ಮೇಡಂ ಫೀಲ್ಡ್ ಕಿಟ್ ತಂದಿದ್ದರು. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿದ ಗುಲಾಬಿ ಬಣ್ಣದ ದ್ರಾವಣ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಗುಲಾಬಿ ಅಳಿದು ಹಳದಿಯಾಗುತ್ತದೆ. ಫಿಲ್ಟರ್ ನೀರು ಗುಲಾಬಿಯಾಗೇ ಉಳಿಯಿತು. ಸಿಹಿ ನೀರಿನ ಬೋರ್‌ನ ಬಾಟಲಿ ನೋಡನೋಡುತ್ತಾ ಹಳದಿಗೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ನೀರುಗಂಟಿ ಇನ್ನೊಮ್ಮೆ ಮಾಡಿ ಎಂದರು. ಇನ್ನೊಮ್ಮೆ ಮಾಡಿದಾಗಲೂ ಹಳದಿ.

ಇಲ್ಲೂ ಮೇಡಂ ಒಂದು ಷರತ್ತು ಹಾಕಿದ್ದರು. ಕಿಟ್ ಅಂದಾಜು ಮಾತ್ರ ಹೇಳುತ್ತದೆ, ಬಣ್ಣ ನೋಡುವ ಕಣ್ಣು ತಪ್ಪಬಹುದು. ಆದ್ದರಿಂದ ಕಿಟ್ ಕಣ್ಣಿಗೆ ಕಾಣಿಸಲು, ತೀರ್ಮಾನಕ್ಕೆ ಪ್ರಯೋಗಾಲಯದ ಎಲೆಕ್ಟ್ರೋಡ್ ಕೊಟ್ಟ ಅಂಕಿ. ಎರಡನ್ನೂ ಮಕ್ಕಳ ಮುಂದೆ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಸ್ವಲ್ಪ ಬೇರೆಯಿದೆ ಎಂದು ತೋರಿಸಿದರು.

ಮುಂದಿನ ತೀರ್ಮಾನ ಬೋರ್‌ಗಳಿಗೆ ಗುರುತು ಹಾಕುವುದು. ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿಯೋಣ ಎಂದು ನಾವು ಹೇಳಿದೆವು. ಬಂಗಾಳದ ಕಡೆ ಆರ್ಸೆನಿಕ್ ಇರುವ ಕೈಪಂಪುಗಳಿಗೆ ಹಾಗೇ ಮಾಡಿದ್ದರು. ಗ್ರಾಮಸಭೆ ಒಪ್ಪಲಿಲ್ಲ. ಊರಿಗೆ ಬರುವ ನೆಂಟರು ಮೊದಲು ಕಾಣುವುದೇ ಆ ಕೆಂಪು, ಮತ್ತೆ ಅದೇ ಪೇಪರ್ ಕಥೆಯಾಗುತ್ತದೆ ಎಂದರು. ಚರ್ಚೆ ಎರಡು ಗಂಟೆ ನಡೆಯಿತು. ಕೊನೆಗೆ ಆಶಾ ಕಾರ್ಯಕರ್ತೆ, ನಾವು ಮನೆಯಲ್ಲಿ ಏನಂತೀವಿ, ಕುಡಿಯೋ ನೀರು ಬಳಸೋ ನೀರು ಅಂತೀವಲ್ಲ, ಅದನ್ನೇ ಬರೆಯಿರಿ ಎಂದರು. ಬಿಳಿ ಬಣ್ಣದ ಮೇಲೆ ನೀಲಿ ಅಕ್ಷರದಲ್ಲಿ ಕೆಲವು ಕಡೆ “ಕುಡಿಯಲು, ಅಡುಗೆಗೆ”, ಕೆಲವು ಕಡೆ “ಬಳಕೆಗೆ ಮಾತ್ರ”. ಕೆಳಗೆ ಸಣ್ಣದಾಗಿ ಅಂಕಿ ಮತ್ತು ಪರೀಕ್ಷೆ ಮಾಡಿದ ತಿಂಗಳು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆ ತೊಳೆಯಲು ಆ ನೀರಿನಿಂದ ತೊಂದರೆಯಿಲ್ಲ ಎನ್ನುವುದೂ ಅದರಲ್ಲೇ ಬಂತು. ಭಯದ ಪದ ಒಂದೂ ಇಲ್ಲ. “ವಿಷ” ಎನ್ನುವ ಜಾಗದಲ್ಲಿ ಊರಿನ ಹೆಂಗಸರು ದಿನಾ ಆಡುವ ಮಾತೇ ಬಂದು ಕೂತಿತು. ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಬರವಣಿಗೆ ಅದು, ನಾನು ಅದರ ಒಂದಕ್ಷರವೂ ಬರೆಯಲಿಲ್ಲ.

ಏನಾಯಿತು

ಹಲ್ಲಿನ ಕಲೆ, ಮೂಳೆ ನೋವು ಕಡಿಮೆಯಾಯಿತು ಎಂದು ಹೇಳಲು ಇಷ್ಟು ಬೇಗ ಆಗುವುದಿಲ್ಲ. ಬಂದ ಕಲೆ ಹೋಗುವುದೂ ಇಲ್ಲ. ಈಗ ಅಂಗನವಾಡಿಯಲ್ಲಿರುವ ಮಕ್ಕಳಿಗೆ ಹೊಸ ಹಲ್ಲು ಬಂದಾಗಲೇ ಲೆಕ್ಕ ಸಿಗುವುದು.

ಕಣ್ಣಿಗೆ ಕಂಡ ಬದಲಾವಣೆ ಇಷ್ಟು. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಫಿಲ್ಟರ್ ನೀರು ಬಂತು. ಹಲವು ಮನೆಗಳಲ್ಲಿ ಅಡುಗೆಗೆ ಇನ್ನೊಂದು ಕ್ಯಾನ್ ಸೇರಿತು. ಎಲ್ಲ ಮನೆಗಳಲ್ಲಿ ಅಲ್ಲ. ಕೂಲಿಗೆ ಹೋಗುವ ಮನೆಗೆ ದಿನಾ ಒಂದು ಕಾಯಿನ್ ಜಾಸ್ತಿಯಾದರೆ ಅದೂ ಭಾರವೇ. ಬೇಸಿಗೆಯಲ್ಲಿ ಒಮ್ಮೆ ಫಿಲ್ಟರ್ ಕೆಟ್ಟು ವಾರಗಟ್ಟಲೆ ನಿಂತಿತು. ಜನ ಮತ್ತೆ ಸಿಹಿ ನೀರಿನ ಬೋರ್‌ಗೆ ಹೋದರು, ಬೋರ್ಡು ಓದಿಯೇ ಹೋದರು. ಬೇರೆ ದಾರಿ ಇರಲಿಲ್ಲ. ಆದರೆ ಈ ಸಲ ದುರಸ್ತಿಗೆ ಪಂಚಾಯಿತಿ ಮುಂದೆ ಕೂತದ್ದು ಹೆಂಗಸರು, ಕೈಯಲ್ಲಿ ಮೇಡಂ ಬರೆದುಕೊಟ್ಟ ಪಟ್ಟಿ ಇತ್ತು. ನಾವು ಅರಿವನ್ನು ಕೊಡಬಹುದು, ನೀರನ್ನು ಕೊಡಲಾಗುವುದಿಲ್ಲ. ತುಂಗಭದ್ರೆಯ ನೀರಿನಿಂದ ಕೆರೆ ತುಂಬಿಸುವ ಕೆಲಸ, ಭದ್ರಾ ಮೇಲ್ದಂಡೆಯ ನಾಲೆ, ನಲ್ಲಿಗೆ ನದಿ ನೀರು, ಇವೆಲ್ಲ ಬೇರೆಯವರ ಕೈಯಲ್ಲಿವೆ. ಸಂಶೋಧಕರಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂದು ಮೊದಲ ದಿನವೇ ಊರಿಗೆ ಹೇಳಿಬಿಡುವುದು ಒಳ್ಳೆಯದು. ನಾವು ತಡವಾಗಿ ಹೇಳಿದೆವು.

ನಮ್ಮ ಕಡೆಯೂ ಕೆಲವು ಬದಲಾಯಿತು. ಒಂದು ಊರಿನ ಮಣ್ಣು, ನೀರು, ಆರೋಗ್ಯದ ಬಗ್ಗೆ ಇರುವ ಯಾವುದೇ ಫಲಿತಾಂಶ ಈಗ ಮೊದಲು ಆ ಊರಿಗೆ, ಆಮೇಲೆ ಸಂಬಂಧಪಟ್ಟ ಇಲಾಖೆಗೆ, ಕೊನೆಗೆ ಪತ್ರಿಕೆಗೆ ಹೋಗುತ್ತದೆ. ಪತ್ರಿಕೆಗೆ ಹೋಗುವಾಗ ಊರಿನ ಹೆಸರು ಹಾಕಬೇಕೋ ಬೇಡವೋ ಎಂದು ಊರಿನವರೇ ಹೇಳುತ್ತಾರೆ. ಪ್ರಕಟಣೆಯ ಮೊದಲ ಪ್ಯಾರಾದಲ್ಲೇ, “ಈ ಸಂಶೋಧನೆಯಿಂದ ಹೀಗೆ ಹೇಳಲು ಬರುವುದಿಲ್ಲ” ಎನ್ನುವ ಒಂದು ಸಾಲು ಇರಲೇಬೇಕು. ಅದನ್ನು ವಿಜ್ಞಾನಿಯೇ ಬರೆಯಬೇಕು. ಮೊದಲು ಸುದ್ದಿ ಮಾಡಿದ್ದ ವರದಿಗಾರರನ್ನೇ ನಾವು ಶಾಲೆಯ ಶನಿವಾರಕ್ಕೆ ಕರೆದಿದ್ದೆವು. ಅವರು ನೆಲದ ಮೇಲೆ ಮಕ್ಕಳ ಜೊತೆ ಕೂತು ನೋಡಿದರು. ಎರಡನೇ ವರದಿ ಚಿಕ್ಕದಾಗಿತ್ತು, ಊರಿನ ಹೆಸರಿರಲಿಲ್ಲ, ಬೋರ್ ಬೋರ್ ಲೆಕ್ಕ ಬೇರೆ ಎನ್ನುವುದೇ ತಲೆಬರಹವಾಗಿತ್ತು.

ಸಮಯದ ವಿಷಯವೂ ಇತ್ಯರ್ಥವಾಯಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ವಿಜ್ಞಾನಿಗಳ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿ ತಂದಿದೆ. ವರ್ಷಕ್ಕೆ ಕನಿಷ್ಠ 10 ದಿನ ತಮ್ಮ ತಿಳಿವಳಿಕೆಯನ್ನು ಸಮಾಜದ ಜೊತೆ ಹಂಚಿಕೊಳ್ಳಲು ಇಡಬೇಕು ಎನ್ನುತ್ತದೆ ಅದು. ಆ ಮಾರ್ಗಸೂಚಿ ತೋರಿಸಿ, ಮೇಡಂ ಊರಿಗೆ ಹೋದ ದಿನಗಳನ್ನು ಕರ್ತವ್ಯದ ದಿನಗಳೆಂದೇ ನಮೂದಿಸಲು ಕೇಳಿದೆವು. ವಿಶ್ವವಿದ್ಯಾಲಯ ಒಪ್ಪಿತು, ವಾಹನವನ್ನೂ ಕೊಟ್ಟಿತು. ಬೈಕಿನ ಪೆಟ್ರೋಲಿಗೆ ಅವರು ಇಷ್ಟು ವರ್ಷ ತಮ್ಮ ಸಂಬಳದಿಂದಲೇ ಹಾಕುತ್ತಿದ್ದರು ಎಂದು ಆ ಅರ್ಜಿ ಬರೆಯುವಾಗಲೇ ನನಗೆ ತಿಳಿದದ್ದು.

ಹೋದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆವು. ನೀರುಗಂಟಿ ನಮ್ಮನ್ನು ಸಿಹಿ ನೀರಿನ ಬೋರ್ ಹತ್ತಿರ ಕರೆದುಕೊಂಡು ಹೋದರು. “ಮೇಡಂ, ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ್ರೆ ಈ ನಂಬರ್ ಇಳಿಯುತ್ತಾ?” ಎಂದು ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ಅವರ ಪ್ರಬಂಧದ ಕೊನೆಯಲ್ಲಿ, ಮುಂದೆ ನೋಡಬೇಕಾದದ್ದು ಎಂದು ಬರೆದಿದ್ದ ಪ್ರಶ್ನೆ ಅದೇ. ಗೊತ್ತಿಲ್ಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಎರಡು ಮೂರು ವರ್ಷ ಅಳೆದರೆ ಗೊತ್ತಾಗಬಹುದು ಎಂದರು.

ನೀರುಗಂಟಿ ತಮ್ಮ ಮನೆಗೆ ಹೋಗಿ ಒಂದು ಚೀಲ ತಂದರು. ಒಳಗೆ ತೊಳೆದು ಒಣಗಿಸಿದ ಆರು ಪ್ಲಾಸ್ಟಿಕ್ ಬಾಟಲಿ. ಗಾಜು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ಕೇ ಆಗಬೇಕು ಎಂದು ಮೇಡಂ ಶಾಲೆಯಲ್ಲಿ ಹೇಳಿದ್ದು ಅವರಿಗೆ ನೆನಪಿತ್ತು. ಒಂದೊಂದರ ಮೇಲೂ ಬಿಳಿ ಪಟ್ಟಿ ಅಂಟಿಸಿ, ಯಾವ ಬೋರ್, ಯಾವ ತಾರೀಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಆ ವರ್ಷದ ಮೊದಲ ಮಳೆ ಬೀಳುವ ಹಿಂದಿನ ವಾರವೇ ಅವರು ನೀರು ತುಂಬಿಟ್ಟಿದ್ದರು.